ಬೌಡ್ಲರೈಸ್: ಒಂದು ಮನೆತನದ ಹೆಸರು ಕ್ರಿಯಾಪದವಾದ ಕಥೆ

(ನಮ್ಮೂರ ಓದುಗರ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಸ್ವಲ್ಪ ತಿದ್ದಿದ್ದೇನೆ. ತೆಗೆದುಹಾಕಿದ್ದು ಏನೇನು ಅಂತ ಮೊದಲೇ ಹೇಳಿಬಿಡುತ್ತೇನೆ: ಮೈಕ್ ಕೈಕೊಟ್ಟ ಐದು ನಿಮಿಷ, ಮತ್ತು ಯಾರೂ ನಗದ ನನ್ನ ಒಂದು ಜೋಕು.)

ಎಲ್ಲರಿಗೂ ನಮಸ್ಕಾರ. ಇಂಗ್ಲಿಷಿನ ಒಂದು ಅಪರೂಪದ ಕ್ರಿಯಾಪದದ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಅದಕ್ಕೆ ಬರುವ ಮುಂಚೆ ನಮ್ಮ ತಾತನ ವಿಷಯ ಹೇಳಬೇಕು.

ತಾತ ಮಳೆಗಾಲದ ಸಂಜೆಗಳಲ್ಲಿ ಜೈಮಿನಿ ಭಾರತ ಓದುತ್ತಿದ್ದರು. ಮನಸ್ಸಿನಲ್ಲೇ ಓದಿಕೊಳ್ಳುವ ಓದಲ್ಲ. ಪಡಸಾಲೆಯಲ್ಲಿ ಕೂತು, ವಾರ್ಧಕ ಷಟ್ಪದಿಯನ್ನು ರಾಗವಾಗಿ ಹೇಳಿ, ನಿಲ್ಲಿಸಿ ಅರ್ಥ ಬಿಡಿಸಿ, ಮತ್ತೆ ರಾಗ ಎತ್ತುವ ಓದು. ಅಜ್ಜಿ, ಅತ್ತೆಯರು, ಪಕ್ಕದ ಮನೆಯವರು, ನಾವು ಮಕ್ಕಳು ಎಲ್ಲ ಸುತ್ತ ಕೂರುತ್ತಿದ್ದೆವು. ಧರ್ಮರಾಯನ ಯಾಗದ ಕುದುರೆ ಊರೂರು ಸುತ್ತಿ, ಹೆಂಗಸರೇ ಆಳುವ ಪ್ರಮೀಳೆಯ ರಾಜ್ಯಕ್ಕೆ ಕಾಲಿಡುತ್ತಿತ್ತು. ಸರಿಯಾಗಿ ಅಲ್ಲಿಗೆ ಬಂದಾಗ ತಾತ ಓದು ನಿಲ್ಲಿಸಿ ನಶ್ಯದ ಡಬ್ಬಿ ತೆಗೆಯುತ್ತಿದ್ದರು. ಒಂದು ಚಿಟಿಕೆ ಏರಿಸಿ, ಬೆರಳು ಒದ್ದೆ ಮಾಡಿಕೊಂಡು, ಎರಡು ಹಾಳೆ ಒಟ್ಟಿಗೆ ಮಗುಚುತ್ತಿದ್ದರು. ಆಮೇಲೆ ನೋಡಿದರೆ ಕುದುರೆ ಬೇರೆ ಊರಲ್ಲಿರುತ್ತಿತ್ತು. ಯಾರಿಗೂ ಅನುಮಾನ ಬರುತ್ತಿರಲಿಲ್ಲ. ಲಕ್ಷ್ಮೀಶನ ಕುದುರೆ ಅಷ್ಟು ಜೋರಾಗಿ ಓಡುತ್ತದೆ ಅಂತ ನಾನು ಅಂದುಕೊಂಡಿದ್ದೆ.

ಪಿಯುಸಿಗೆ ಬಂದಾಗ ಅದೇ ಪುಸ್ತಕ ತೆಗೆದು, ಅದೇ ಹಾಳೆಗಳನ್ನು ಹುಡುಕಿ ಓದಿದೆ. ತಾತ ನುಂಗಿದ್ದು ಏನು ಅಂತ ಗೊತ್ತಾಯಿತು. ನಿಜ ಹೇಳಬೇಕಂದರೆ ನಿರಾಸೆ ಆಯಿತು. ಅಷ್ಟೆಲ್ಲ ನಶ್ಯ ಖರ್ಚು ಮಾಡುವಂಥದ್ದೇನೂ ಅಲ್ಲಿರಲಿಲ್ಲ.

ತಾತ ಮಾಡಿದ ಈ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಇದೆ. ಬೌಡ್ಲರೈಸ್. ನಾಯಿ ಬೊಗಳುತ್ತದಲ್ಲ, ಆ 'ಬೌ'ನಿಂದ ಶುರು ಮಾಡಿ. ಒಂದು ಬರಹದಲ್ಲಿ ಮುಜುಗರ ತರುವಂಥ ಮಾತುಗಳನ್ನು, ಮುಖ್ಯವಾಗಿ ಹಾಸಿಗೆ ಮತ್ತು ಬೈಗುಳಕ್ಕೆ ಸೇರಿದ ಮಾತುಗಳನ್ನು, ಕತ್ತರಿಸಿ ಹಾಕುವುದು ಅಥವಾ ಮೆತ್ತಗೆ ಮಾಡುವುದು ಅಂತ ಅರ್ಥ. ಈಗ ಈ ಪದ ಬಳಸುವವರೆಲ್ಲ ಬೈಯುವುದಕ್ಕೇ ಬಳಸುತ್ತಾರೆ. 'ಆ ಪುಸ್ತಕವನ್ನು ಬೌಡ್ಲರೈಸ್ ಮಾಡಿದ್ದಾರೆ' ಅಂದರೆ ಕೆಡಿಸಿಟ್ಟಿದ್ದಾರೆ ಅಂತಲೇ ತಿಳಿಯಬೇಕು.

ಸೆನ್ಸಾರ್ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ಸೆನ್ಸಾರ್‌ನವನು ಅಧಿಕಾರಿ. ಅವನಿಗೆ ಪುಸ್ತಕದ ಮೇಲೆ ಪ್ರೀತಿ ಇರಬೇಕಾಗಿಲ್ಲ, ಅನುಮಾನ ಇದ್ದರೆ ಸಾಕು. ಬೌಡ್ಲರೈಸ್ ಮಾಡುವವನು ಹಾಗಲ್ಲ. ಅವನಿಗೆ ಆ ಪುಸ್ತಕ ಅಂದರೆ ಪ್ರಾಣ. ಅದನ್ನು ಮನೆಯವರೆಲ್ಲ ಓದಬೇಕು ಅನ್ನುವ ಆಸೆ. ಕರಾವಳಿಯ ಅಮ್ಮಂದಿರು ಮಗುವಿಗೆ ಮೀನಿನ ಮುಳ್ಳು ತೆಗೆದು ತಿನ್ನಿಸುತ್ತಾರಲ್ಲ, ಆ ಥರ. ಮಗುವಿಗೆ ಮೀನು ಕೊಡಬಾರದು ಅಂತ ಅಲ್ಲ. ಮೀನು ತಿನ್ನಲಿ ಅಂತಲೇ ಮುಳ್ಳು ತೆಗೆಯುವುದು. ತೊಂದರೆ ಬರುವುದು ಯಾವಾಗ ಅಂದರೆ, ಮಗ ಮೂವತ್ತರವನಾದರೂ ಅಮ್ಮ ಮುಳ್ಳು ತೆಗೆಯುತ್ತಲೇ ಇದ್ದಾಗ.

ಮನುಷ್ಯರ ಹೆಸರು ಕ್ರಿಯಾಪದ ಆಗುವುದು ಇಂಗ್ಲಿಷಿನಲ್ಲಿ ಹೊಸದಲ್ಲ. ಹಾಲನ್ನು ಪಾಶ್ಚರೈಸ್ ಮಾಡುವುದು ಲೂಯಿ ಪಾಶ್ಚರ್‌ನಿಂದ ಬಂತು. ಬಾಯ್ಕಾಟ್ ಅನ್ನುವುದು ಐರ್ಲೆಂಡಿನ ಒಬ್ಬ ಜಮೀನು ಏಜೆಂಟನ ಹೆಸರು. 1880ರಲ್ಲಿ ಆ ಕ್ಯಾಪ್ಟನ್ ಬಾಯ್ಕಾಟ್‌ನ ಹೊಲಕ್ಕೆ ಆಳುಗಳು ಬರಲಿಲ್ಲ, ಅಂಗಡಿಯವರು ಸಾಮಾನು ಕೊಡಲಿಲ್ಲ, ಊರಿಗೆ ಊರೇ ಅವನನ್ನು ದೂರ ಇಟ್ಟಿತು. 'ಬರ್ಕ್' ಅಂತ ಇನ್ನೊಂದು ಕ್ರಿಯಾಪದ ಇದೆ, ಉಸಿರುಗಟ್ಟಿಸಿ ಸಾಯಿಸು ಅಂತ ಅರ್ಥ. ಎಡಿನ್‌ಬರೋದಲ್ಲಿ ಜನರನ್ನು ಕೊಂದು, ಹೆಣಗಳನ್ನು ವೈದ್ಯಕೀಯ ಪಾಠಕ್ಕೆ ಮಾರುತ್ತಿದ್ದ ವಿಲಿಯಂ ಬರ್ಕ್‌ನನ್ನು 1829ರಲ್ಲಿ ಗಲ್ಲಿಗೇರಿಸಿದಾಗ ನೋಡಲು ಬಂದಿದ್ದ ಜನ 'ಅವನನ್ನು ಬರ್ಕ್ ಮಾಡಿ' ಅಂತ ಕೂಗಿದ್ದರಂತೆ. ಅವನ ಕಣ್ಣೆದುರೇ ಅವನ ಹೆಸರು ಕ್ರಿಯಾಪದ ಆಗಿಹೋಗಿತ್ತು.

ಇಲ್ಲಿ ಒಂದು ಸಣ್ಣ ತಮಾಷೆ ಇದೆ. ಇಂಗ್ಲಿಷಿನವರು ಹೆಸರಿಗೆ 'ಐಸ್' ಅಂತ ಬಾಲ ಹಚ್ಚಿ ಕ್ರಿಯಾಪದ ಮಾಡುತ್ತಾರೆ. ಅದು ಗ್ರೀಕಿನಿಂದ ಬಂದದ್ದು. ನಾವು 'ಇಸು' ಹಚ್ಚುತ್ತೇವೆ. ಚಿತ್ರಿಸು, ವರ್ಣಿಸು, ಪ್ರೀತಿಸು. ಎರಡಕ್ಕೂ ಯಾವ ನಂಟೂ ಇಲ್ಲ. ನಮ್ಮದು ನಮ್ಮದೇ ಮನೆಯ ಸ್ವತ್ತು. ಆದರೂ ಕೇಳೋಕೆ ಅಣ್ಣತಮ್ಮಂದಿರ ಹಾಗಿವೆ. ಹಾಗಾಗಿ ಈ ಪದವನ್ನು ಕನ್ನಡಕ್ಕೆ ತರೋದಕ್ಕೆ ಕಷ್ಟವೇ ಇಲ್ಲ. 'ಬೌಡ್ಲರಿಸು'. ಗೂಗಲಿಸು ಅನ್ನುವವರು ಇದನ್ನೂ ಅನ್ನಬಹುದು, ಅಲ್ವಾ?

ಸರಿ, ಯಾರು ಈ ಬೌಡ್ಲರ್?

ಇಂಗ್ಲೆಂಡಿನ ಬಾತ್ ಅನ್ನುವ ಊರು ನಿಮಗೆ ಗೊತ್ತಿರಬಹುದು. ಬಿಸಿನೀರಿನ ಬುಗ್ಗೆಗಳ ಊರು. ಅದರ ಹತ್ತಿರ, ಬಾಕ್ಸ್ ಅನ್ನುವ ಹಳ್ಳಿಯ ಪಕ್ಕ, ಬೌಡ್ಲರ್ ಮನೆತನ ಇತ್ತು. ಅನುಕೂಲವಂತರು. ದೈವಭಕ್ತರು. ಮನೆ ತುಂಬ ಪುಸ್ತಕ. ಸಂಜೆಯಾದರೆ ಅಪ್ಪ ಮಕ್ಕಳನ್ನು ಕೂರಿಸಿಕೊಂಡು ಶೇಕ್ಸ್‌ಪಿಯರ್‌ನ ನಾಟಕಗಳನ್ನು ಗಟ್ಟಿಯಾಗಿ ಓದುತ್ತಿದ್ದ. ತುಂಬ ಚೆನ್ನಾಗಿ ಓದುತ್ತಿದ್ದನಂತೆ. ಲಿಯರ್, ಹ್ಯಾಮ್ಲೆಟ್, ಒಥೆಲೊ ಎಲ್ಲವನ್ನೂ ಮನೆಯವರು ಮೈಮರೆತು ಕೇಳುತ್ತಿದ್ದರು. ಆ ನಾಟಕಗಳಲ್ಲಿ ಹೆಂಗಸರು ಮಕ್ಕಳ ಎದುರು ಆಡಬಾರದ ಮಾತುಗಳಿವೆ ಅನ್ನುವ ಸುಳಿವೇ ಮಕ್ಕಳಿಗೆ ಇರಲಿಲ್ಲ. ಅಪ್ಪ ಓದುತ್ತಾ ಓದುತ್ತಾ, ಧ್ವನಿ ತಡವರಿಸದೆ, ಅವನ್ನು ಹಾರಿಸಿಬಿಡುತ್ತಿದ್ದ. ಮಗ ದೊಡ್ಡವನಾದ ಮೇಲೆ ಇದನ್ನು ಮುನ್ನುಡಿಯಲ್ಲಿ ಬರೆದುಕೊಂಡಿದ್ದಾನೆ. ನಾನು ಇದನ್ನು ಮೊದಲ ಸಲ ಓದಿದಾಗ ಮೂಗಿಗೆ ನಶ್ಯದ ವಾಸನೆ ಬಂತು.

ಅಪ್ಪ ಬಾಯಲ್ಲಿ ಮಾಡಿದ್ದನ್ನು ಅಚ್ಚಿನಲ್ಲಿ ಮಾಡಿದರೆ ಹೇಗೆ? ಎಲ್ಲ ಮನೆಯಲ್ಲೂ ಅಷ್ಟು ಚುರುಕಾಗಿ ಓದುವ ಅಪ್ಪ ಇರುವುದಿಲ್ಲವಲ್ಲ. ಈ ಯೋಚನೆಯಿಂದ ಹುಟ್ಟಿದ್ದೇ 'ಫ್ಯಾಮಿಲಿ ಶೇಕ್ಸ್‌ಪಿಯರ್'. ಮೊದಲ ಆವೃತ್ತಿ ಬಂದದ್ದು 1807ರಲ್ಲಿ, ಬಾತ್‌ನಲ್ಲೇ. ನಾಲ್ಕು ಸಂಪುಟ, ಇಪ್ಪತ್ತು ನಾಟಕ. ಸಂಪಾದಕರು ಯಾರು ಅಂತ ಹಾಕಿರಲಿಲ್ಲ. 1818ರಲ್ಲಿ ದೊಡ್ಡ ಆವೃತ್ತಿ ಬಂತು. ಹತ್ತು ಸಂಪುಟ, ಮೂವತ್ತಾರು ನಾಟಕ. ಅದರ ಮೇಲೆ ಹೆಸರು ಇತ್ತು: ಥಾಮಸ್ ಬೌಡ್ಲರ್. ಕ್ರಿಯಾಪದ ಹುಟ್ಟಿದ್ದು ಈ ಹೆಸರಿನಿಂದ ಅಂತ ಎಲ್ಲ ನಿಘಂಟುಗಳೂ ಹೇಳುತ್ತವೆ.

ಆದರೆ 1807ರ ಆ ಹೆಸರಿಲ್ಲದ ಪುಸ್ತಕ ಥಾಮಸ್‌ದಲ್ಲ. ಅವನ ಅಕ್ಕನದು.

ಅಕ್ಕನ ಹೆಸರು ಹೆನ್ರಿಯೆಟ್ಟಾ ಮರಿಯಾ. ಮನೆಯಲ್ಲಿ ಹ್ಯಾರಿಯೆಟ್. 1750ರಲ್ಲಿ ಹುಟ್ಟಿದವಳು, ತಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ಮದುವೆ ಆಗಲಿಲ್ಲ. ಈಕೆ ಎಷ್ಟು ಮಡಿವಂತೆ ಅನ್ನೋದಕ್ಕೆ ಒಂದು ಕಥೆ ಇದೆ. ಆಪೆರಾ ನೋಡಲು ಹೋದರೆ ನರ್ತನದ ಹೊತ್ತಿಗೆ ಕಣ್ಣು ಮುಚ್ಚಿಕೊಂಡೇ ಕೂತಿರುತ್ತಿದ್ದಳಂತೆ. ಯಾಕೆ ಅಂದರೆ, ಆ ಕುಣಿತ ಸಭ್ಯವಲ್ಲ, ನೋಡಲಾಗುವುದಿಲ್ಲ ಅಂದಳಂತೆ. ಹಾಗಾದರೆ ಆಪೆರಾಕ್ಕೆ ಯಾಕೆ ಹೋಗುತ್ತಿದ್ದಳು? ಸಂಗೀತ ಬೇಕಿತ್ತು. ಫ್ಯಾಮಿಲಿ ಶೇಕ್ಸ್‌ಪಿಯರ್ ಪೂರ್ತಿ ಈ ಒಂದು ಕಥೆಯೊಳಗೇ ಇದೆ ಅಂತ ನನಗೆ ಅನಿಸುತ್ತದೆ. ಸಂಗೀತ ಬೇಕು, ಕುಣಿತ ಬೇಡ.

ಆದರೆ ಈಕೆಯನ್ನು ನೋಡಿ ಸುಮ್ನೆ ನಕ್ಕುಬಿಡಬೇಡಿ. ಗಟ್ಟಿ ವಿದ್ಯಾವಂತೆ. 1801ರಲ್ಲಿ ಕ್ರೈಸ್ತ ಧರ್ಮದ ತತ್ವ ಮತ್ತು ನಡವಳಿಕೆಯ ಮೇಲೆ ಪ್ರವಚನಗಳ ಪುಸ್ತಕ ಬರೆದಳು. ಅದಕ್ಕೂ ಹೆಸರು ಹಾಕಲಿಲ್ಲ. ಅದು ಎಷ್ಟು ಓಡಿತು ಅಂದರೆ, ಮುಂದಿನ ಅರ್ಧ ಶತಮಾನದಲ್ಲಿ ಐವತ್ತರ ಹತ್ತಿರ ಆವೃತ್ತಿ ಕಂಡಿತು. ಲಂಡನ್ನಿನ ಬಿಷಪ್ ಬೀಲ್ಬಿ ಪೋರ್ಟಿಯಸ್ ಅದನ್ನು ಓದಿ ಮೆಚ್ಚಿ, ಬರೆದವನು ಯಾರೋ ಪಾದ್ರಿಯೇ ಇರಬೇಕು ಅಂತ ತಿಳಿದು, ಅವನಿಗೆ ಒಂದು ಚರ್ಚಿನ ಹುದ್ದೆ ಕೊಡಿಸುತ್ತೇನೆ ಅಂತ ಪ್ರಕಾಶಕರ ಮೂಲಕ ಹೇಳಿ ಕಳಿಸಿದರು. ಹ್ಯಾರಿಯೆಟ್ ಆ ಹೊತ್ತಿಗೆ ನಕ್ಕಳೋ ನಿಟ್ಟುಸಿರಿಟ್ಟಳೋ! ಹೆಂಗಸು ಪಾದ್ರಿ ಆಗುವ ಹಾಗೇ ಇರಲಿಲ್ಲವಲ್ಲ.

ಶೇಕ್ಸ್‌ಪಿಯರ್‌ಗೆ ಯಾಕೆ ಹೆಸರು ಹಾಕಲಿಲ್ಲ? ಇದು ಊಹಿಸಲು ಕಷ್ಟದ ವಿಷಯವಲ್ಲ. ಅವಳಿಗಾಗ ಐವತ್ತೇಳು. ಮದುವೆಯಾಗದ ಮರ್ಯಾದಸ್ಥ ಹೆಂಗಸು. 'ಶೇಕ್ಸ್‌ಪಿಯರ್‌ನ ಕೊಳಕು ಮಾತುಗಳನ್ನು ನಾನು ತೆಗೆದಿದ್ದೇನೆ' ಅಂತ ಒಪ್ಪಿಕೊಂಡರೆ, ಆ ಮಾತುಗಳು ನನಗೆ ಅರ್ಥವಾಗಿವೆ ಅಂತಲೂ ಒಪ್ಪಿಕೊಂಡ ಹಾಗಾಯಿತು. ಮುಳ್ಳು ತೆಗೆಯುವವಳಿಗೆ ಮುಳ್ಳು ಎಲ್ಲೆಲ್ಲಿದೆ ಅಂತ ಗೊತ್ತಿರಲೇಬೇಕು. ಶೇಕ್ಸ್‌ಪಿಯರ್ ಭಾಷೆಯ ದ್ವಂದ್ವಾರ್ಥಗಳು ಒಂದೆರಡಲ್ಲ. ಈಗಿನ ಎಂಎ ಹುಡುಗರಿಗೆ ಟಿಪ್ಪಣಿ ಇಲ್ಲದೆ ಅರ್ಧ ತಿಳಿಯುವುದಿಲ್ಲ. ಅವಳಿಗೆ ತಿಳಿದಿತ್ತು.

ಹಾಗಾಗಿ ಪುಸ್ತಕ ಬೆಳೆದು ಹತ್ತು ಸಂಪುಟ ಆದಾಗ ತಮ್ಮನ ಹೆಸರು ಬಂತು, ಅಕ್ಕನ ಹೆಸರು ಮುನ್ನುಡಿಯಲ್ಲೂ ಇಲ್ಲ. ನೂರೈವತ್ತು ವರ್ಷ ಹಾಗೇ ಇತ್ತು. ನೋಯೆಲ್ ಪೆರಿನ್ ಅನ್ನುವ ಅಮೆರಿಕದ ಪ್ರಾಧ್ಯಾಪಕರು 1969ರಲ್ಲಿ ಇದನ್ನೆಲ್ಲ ಕೆದಕಿ ಬರೆದ ಮೇಲೆ ಹ್ಯಾರಿಯೆಟ್‌ಗೆ ಅವಳ ಪಾಲು ಸಿಕ್ಕಿತು. ನೋಡಿ, ಮುಜುಗರದ್ದನ್ನು ಅಳಿಸುವುದು ಅನ್ನುವ ಅರ್ಥದ ಪದದ ಬುಡದಲ್ಲೇ ಒಂದು ಹೆಸರನ್ನು ಮುಜುಗರಕ್ಕೆ ಹೆದರಿ ಅಳಿಸಿದ್ದಾರೆ. ನಾನು ಇವತ್ತು ಇಲ್ಲಿಗೆ ಬಂದದ್ದೇ ಇದನ್ನು ಹೇಳೋಕೆ. ಉಳಿದದ್ದೆಲ್ಲ ಒಗ್ಗರಣೆ.

ಒಗ್ಗರಣೆಯೂ ಬೇಕಲ್ಲ. ತಮ್ಮನ ಕಡೆ ಬರೋಣ.

ಥಾಮಸ್ ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿದ. 1781ರಲ್ಲಿ ಸಾಯುವ ಸ್ಥಿತಿಯಲ್ಲಿದ್ದ ಗೆಳೆಯನೊಬ್ಬನ ಜೊತೆ ಲಿಸ್ಬನ್‌ಗೆ ಹೋದ. ಗೆಳೆಯ ಉಳಿಯಲಿಲ್ಲ. ಇವನೂ ಜ್ವರ ಹತ್ತಿಸಿಕೊಂಡು ಬಂದ. ಆಮೇಲೆ ಡಾಕ್ಟರಿಕೆ ಅಂದರೇ ಆಗುತ್ತಿರಲಿಲ್ಲ. ಬಿಟ್ಟೇಬಿಟ್ಟ. ಜನ ಮಾತ್ರ ಕೊನೆಯವರೆಗೂ ಡಾಕ್ಟರ್ ಬೌಡ್ಲರ್ ಅಂತಲೇ ಕರೆದರು. ಈಗಲೂ ಕರೆಯುತ್ತಾರೆ. ಜೈಲುಗಳನ್ನು ಸುಧಾರಿಸುವ ಕೆಲಸಕ್ಕೆ ಕೈಹಾಕಿದ. ಚದುರಂಗದಲ್ಲಿ ಗಟ್ಟಿಗ. 1788ರಲ್ಲಿ ಲಂಡನ್‌ನಲ್ಲಿ ಕಾನ್‌ವೇ ಅನ್ನುವವನ ಎದುರು ಅವನು ಎರಡೂ ಆನೆಗಳನ್ನು ಬಲಿಕೊಟ್ಟು ಗೆದ್ದ ಆಟ ಇನ್ನೂ ಚದುರಂಗದ ಚರಿತ್ರೆಯಲ್ಲಿದೆ. ಬೇಕಾದ್ದನ್ನು ಉಳಿಸಿಕೊಳ್ಳಲು ದೊಡ್ಡದನ್ನೇ ಕಳೆದುಕೊಳ್ಳುವ ಧೈರ್ಯ ಇದ್ದವನು ಅನ್ನಿ. ಐವತ್ತು ದಾಟಿದ ಮೇಲೆ ಮದುವೆಯಾದ, ಅದು ಬೇಗನೇ ಮುರಿಯಿತು. ಕೊನೆಗೆ ವೇಲ್ಸ್‌ನ ಸ್ವಾನ್ಸಿ ಹತ್ತಿರ ನೆಲೆಸಿ, 1825ರಲ್ಲಿ ತೀರಿಕೊಂಡ.

ಈಗ ಕತ್ತರಿ ಹೇಗೆ ಆಡಿತು ಅಂತ ನೋಡೋಣ. ಇದು ನನಗೆ ಬಹಳ ಇಷ್ಟದ ಭಾಗ.

ಪುಸ್ತಕದ ಮುಖಪುಟದಲ್ಲೇ ಬರೆದಿದ್ದ: ಮೂಲಕ್ಕೆ ಏನನ್ನೂ ಸೇರಿಸಿಲ್ಲ, ಮನೆಮಂದಿಯ ಎದುರು ಗಟ್ಟಿಯಾಗಿ ಓದಲು ಮರ್ಯಾದೆ ಅಡ್ಡಬರುವ ಪದಗಳನ್ನು, ಮಾತುಗಳನ್ನು ಮಾತ್ರ ಬಿಟ್ಟಿದೆ. ಈ ಮಾತು ಮುಕ್ಕಾಲು ನಿಜ. ಎಷ್ಟೋ ಕಡೆ ಒಂದು ಪದ ತೆಗೆದು ಇನ್ನೊಂದು ಇಟ್ಟಿದ್ದಾನೆ. 'ಗಾಡ್' ಅಂತ ಉದ್ಗಾರ ತೆಗೆದರೆ ಅದು 'ಹೆವೆನ್' ಆಗುತ್ತದೆ. ಮ್ಯಾಕ್‌ಬೆತ್‌ನ ಹೆಂಡತಿ, ಗಂಡನ ಕೈಲಿ ರಾಜನನ್ನು ಕೊಲ್ಲಿಸಿದವಳು, ನಿದ್ದೆಗಣ್ಣಲ್ಲಿ ಕೈ ಉಜ್ಜಿಕೊಳ್ಳುತ್ತಾ 'ಔಟ್, ಡ್ಯಾಮ್ಡ್ ಸ್ಪಾಟ್' ಅನ್ನುತ್ತಾಳೆ. ಇವನು ಅದನ್ನು 'ಔಟ್, ಕ್ರಿಮ್ಸನ್ ಸ್ಪಾಟ್' ಮಾಡಿದ. ಹಾಳು ಕಲೆ ಹೋಗಿ ಕಡುಗೆಂಪು ಕಲೆ ಬಂತು. ಬೈಗುಳ ಹೋಯಿತು, ಸರಿ. ಆದರೆ 'ಡ್ಯಾಮ್ಡ್' ಅಂದರೆ ಬೈಗುಳ ಮಾತ್ರ ಅಲ್ಲ, ನರಕಕ್ಕೆ ಒಯ್ಯುವಂಥದ್ದು ಅಂತಲೂ ಹೌದು. ಅವಳು ಹೆದರುತ್ತಿರುವುದು ನರಕಕ್ಕೆ. ಬೌಡ್ಲರ್‌ನ ಹೆಂಗಸು ಮಾತ್ರ ಸೀರೆಗೆ ಬಿದ್ದ ಕಲೆಯ ಬಣ್ಣ ಹೇಳುತ್ತಿದ್ದಾಳೆ.

ರೋಮಿಯೋ ಜೂಲಿಯೆಟ್‌ನಲ್ಲಿ ಮರ್ಕ್ಯುಷಿಯೋ ಗಂಟೆ ಎಷ್ಟು ಅಂತ ಹೇಳುವ ಮಾತಿದೆ. ಗಡಿಯಾರದ ಪೋಲಿ ಮುಳ್ಳು ಮಧ್ಯಾಹ್ನದ ಯಾವುದರ ಮೇಲೋ ಇದೆ ಅನ್ನುತ್ತಾನೆ. ಆ 'ಯಾವುದರ' ಅನ್ನುವುದನ್ನು ನಾನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಾನೂ ತಾತನ ಮೊಮ್ಮಗಳೇ. ಬೌಡ್ಲರ್ 'ಪೋಲಿ' ತೆಗೆದ, ಇನ್ನೊಂದು ಪದವನ್ನು 'ಪಾಯಿಂಟ್' ಮಾಡಿದ. ಈಗ ಆ ಸಾಲು ನಿಜವಾಗಿಯೂ ಗಂಟೆ ಎಷ್ಟು ಅಂತ ಮಾತ್ರ ಹೇಳುತ್ತದೆ.

ಹೆಚ್ಚು ನಗು ತರಿಸುವುದು ಒಥೆಲೊ. ಮೊದಲ ದೃಶ್ಯ. ನಡುರಾತ್ರಿ. ಖಳನಾಯಕ ಇಯಾಗೋ ಬೀದಿಯಲ್ಲಿ ನಿಂತು, ಮಲಗಿದ್ದ ಬ್ರಬ್ಯಾನ್ಶಿಯೋನನ್ನು ಕೂಗಿ ಎಬ್ಬಿಸುತ್ತಾನೆ. 'ನಿನ್ನ ಮಗಳೂ ಆ ಮೂರ್‌ನೂ ಸೇರಿ ಎರಡು ಬೆನ್ನಿನ ಮೃಗ ಆಗಿದ್ದಾರೆ' ಅನ್ನುತ್ತಾನೆ. ಮೂರ್ ಅಂದರೆ ಒಥೆಲೊ. ಕೇಳಿದ ಯಾವ ಅಪ್ಪನ ರಕ್ತವೂ ಕುದಿಯಬೇಕು. ಫ್ಯಾಮಿಲಿ ಶೇಕ್ಸ್‌ಪಿಯರ್‌ನಲ್ಲಿ ಇಯಾಗೋ ಹೇಳುವುದು: 'ನಿನ್ನ ಮಗಳೂ ಆ ಮೂರ್‌ನೂ ಈಗ ಜೊತೆಗಿದ್ದಾರೆ.' ಅಷ್ಟೇ. ಇದನ್ನು ಕೇಳಿದ ಅಪ್ಪ 'ಇರಲಿ ಬಿಡಪ್ಪ, ಬೆಳಿಗ್ಗೆ ನೋಡೋಣ' ಅಂತ ಮಗ್ಗುಲು ಬದಲಿಸಿ ಮಲಗಬಹುದು. ಇಯಾಗೋನ ಬಾಯಿ ತೊಳೆದರೆ ಇಯಾಗೋನೇ ಇರುವುದಿಲ್ಲ. ಅವನ ವಿಷ ಇರುವುದೇ ಆ ಬಾಯಲ್ಲಿ.

ನಾಲ್ಕನೇ ಹೆನ್ರಿಯ ಎರಡನೇ ಭಾಗದಲ್ಲಿ ಡಾಲ್ ಟೇರ್‌ಶೀಟ್ ಅನ್ನುವ ವೇಶ್ಯೆ ಇದ್ದಾಳೆ. ಮುದುಕ ಫಾಲ್‌ಸ್ಟಾಫ್‌ನ ತೊಡೆಯ ಮೇಲೆ ಕೂತು, ಅವನಿಗೆ ವಯಸ್ಸಾಯಿತು ಅಂತ ಅವನಿಗೇ ನೆನಪಿಸುವವಳು. ಆ ನಾಟಕದ ತುಂಬ ಕನಿಕರದ ಜಾಗಗಳಲ್ಲಿ ಅದೂ ಒಂದು. ಬೌಡ್ಲರ್ ಅವಳನ್ನು ಇಡಿಯಾಗಿ ಹೊರಗೆ ಹಾಕಿದ. ತಿದ್ದಲಿಲ್ಲ, ಮೆತ್ತಗೆ ಮಾಡಲಿಲ್ಲ. ಮನೆಗೆ ಸೇರಿಸಲೇ ಇಲ್ಲ.

ಕೆಲವು ಕಡೆ ಅವನ ಕತ್ತರಿಯೇ ಸೋತಿದೆ. ಇದನ್ನು ಅವನೇ ಒಪ್ಪಿಕೊಂಡಿದ್ದಾನೆ. 'ಮೆಷರ್ ಫಾರ್ ಮೆಷರ್' ನಾಟಕದ ಕಥೆಯೇ ಹಾಸಿಗೆಯ ಸುತ್ತ ಇದೆ. ಎಲ್ಲಿಂದ ಹಿಡಿದರೂ ಬಟ್ಟೆ ಹರಿಯುತ್ತದೆ. ಮೊದಲಿಗೆ ತನ್ನ ಕತ್ತರಿ ಕೆಳಗಿಟ್ಟು, ನಟ ಜಾನ್ ಕೆಂಬಲ್ ರಂಗಕ್ಕೆಂದು ತಿದ್ದಿದ್ದ ಪ್ರತಿಯನ್ನೇ ಅಚ್ಚು ಹಾಕಿದ. ಒಥೆಲೊ ಬಗ್ಗೆಯಂತೂ, ಇದು ಮನೆಮಂದಿಯ ಓದಿಗೆ ಅಷ್ಟು ಒಗ್ಗುವುದಿಲ್ಲ, ನಡುಮನೆಯಿಂದ ತೆಗೆದು ಒಳಕೋಣೆಯ ಬೀರುವಿನಲ್ಲಿಡಿ ಅಂತ ಓದುಗರಿಗೆ ಸಲಹೆ ಕೊಟ್ಟ. ನನಗೆ ಈ ಮನುಷ್ಯನ ಮೇಲೆ ಪ್ರೀತಿ ಬಂದದ್ದು ಇಲ್ಲೇ. ಕತ್ತರಿ ಹಿಡಿದವನು 'ಇದು ನನ್ನ ಕೈಲಿ ಆಗಲಿಲ್ಲ' ಅಂತ ಬರೆಯುವುದನ್ನು ನೀವು ಎಷ್ಟು ಕಡೆ ನೋಡಿದ್ದೀರಿ?

ಅಕ್ಕತಮ್ಮಂದಿರ ಕತ್ತರಿಗಳಲ್ಲೂ ವ್ಯತ್ಯಾಸ ಇತ್ತು. ಹ್ಯಾರಿಯೆಟ್ ಪೋಲಿ ಮಾತಿನ ಜೊತೆಗೆ ತನಗೆ ಬೇಜಾರು ಅನಿಸಿದ ಭಾಗಗಳನ್ನೂ ಹಾರಿಸಿದ್ದಳು. ಥಾಮಸ್ ಆ ಬೇಜಾರಿನ ಭಾಗಗಳನ್ನು ವಾಪಸ್ಸು ತಂದ. ಓದುಗಳಾಗಿ ಅಕ್ಕನೇ ಜಾಣೆ ಅಂತ ನನ್ನ ತೀರ್ಮಾನ.

ಜನ ಏನಂದರು? 1807ರ ಪುಸ್ತಕ ಅಷ್ಟೇನೂ ಓಡಲಿಲ್ಲ. 1818ರದ್ದೂ ಮೊದಲು ಮೆಲ್ಲಗೇ ಇತ್ತು. ಆಮೇಲೆ ಪತ್ರಿಕೆಗಳು ಇದಕ್ಕಾಗಿ ಜಗಳಕ್ಕೆ ಬಿದ್ದವು. 1821ರಲ್ಲಿ ಎಡಿನ್‌ಬರೋ ರಿವ್ಯೂನಲ್ಲಿ ಫ್ರಾನ್ಸಿಸ್ ಜೆಫ್ರಿ ಹೊಗಳಿ ಬರೆದ. ಬ್ರಿಟಿಷ್ ಕ್ರಿಟಿಕ್ ಅನ್ನುವ ಪತ್ರಿಕೆ ಹಿಗ್ಗಾಮುಗ್ಗಾ ಬೈಯಿತು. ಬೈಸಿಕೊಂಡ ಥಾಮಸ್ 1823ರಲ್ಲಿ ಅದಕ್ಕೆ ಉತ್ತರವಾಗಿ ಒಂದು ಪುಸ್ತಿಕೆಯನ್ನೇ ಅಚ್ಚು ಹಾಕಿಸಿದ. ಜಗಳ ಬೆಳೆದ ಹಾಗೆ ಪುಸ್ತಕ ಖರ್ಚಾಯಿತು. 1850ರ ಹೊತ್ತಿಗೆ ಹನ್ನೊಂದು ಆವೃತ್ತಿ. ಈ ಲೆಕ್ಕಾಚಾರ ನಮ್ಮ ಸಿನಿಮಾದವರಿಗೆ ಚೆನ್ನಾಗಿ ಗೊತ್ತು.

ಒಂದು ನ್ಯಾಯದ ಮಾತು ಹೇಳಬೇಕು. ಆ ಕಾಲದ ರಂಗಭೂಮಿ ಶೇಕ್ಸ್‌ಪಿಯರ್‌ಗೆ ಮಾಡುತ್ತಿದ್ದುದರ ಮುಂದೆ ಬೌಡ್ಲರ್ ಪರಮ ಸಾಧು. ನಾಹುಮ್ ಟೇಟ್ ಅನ್ನುವವನು 1681ರಲ್ಲಿ ಕಿಂಗ್ ಲಿಯರ್ ನಾಟಕವನ್ನು ತಿರುಚಿ ಬರೆದಿದ್ದ. ಅದರಲ್ಲಿ ರಾಜನ ಕಿರಿಮಗಳು ಕಾರ್ಡೀಲಿಯ ಸಾಯುವುದಿಲ್ಲ. ಎಡ್ಗರ್‌ನನ್ನು ಮದುವೆಯಾಗುತ್ತಾಳೆ. ಮುದಿ ರಾಜನಿಗೆ ರಾಜ್ಯ ವಾಪಸ್ಸು ಸಿಗುತ್ತದೆ. ವಿದೂಷಕ ನಾಪತ್ತೆ. 1838ರಲ್ಲಿ ನಟ ಮೆಕ್ರೀಡಿ ಶೇಕ್ಸ್‌ಪಿಯರ್‌ನ ಲಿಯರ್‌ನನ್ನು ರಂಗಕ್ಕೆ ತರುವ ತನಕ, ಒಂದೂವರೆ ನೂರು ವರ್ಷ, ಇಂಗ್ಲೆಂಡಿನ ಜನ ನೋಡಿದ್ದು ಬಹುಮಟ್ಟಿಗೆ ಈ ಮದುವೆಮನೆ ಲಿಯರ್‌ನನ್ನೇ. ಯಾರೂ ಅದಕ್ಕೆ 'ಟೇಟೈಸ್' ಅಂತ ಪದ ಮಾಡಲಿಲ್ಲ. ಲಿಯರ್‌ನ ಸಾವನ್ನು ಸಾವಾಗಿಯೇ ಬಿಟ್ಟು ನಾಲ್ಕು ಪೋಲಿ ಸಾಲು ತೆಗೆದವನ ಹೆಸರು ಬೈಗುಳವಾಯಿತು.

ಆ ಪದ ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1836ರಲ್ಲಿ, ಥಾಮಸ್ ಸತ್ತು ಹನ್ನೊಂದು ವರ್ಷದ ಮೇಲೆ. ಬರೆದವನು ಪೆರೊನೆಟ್ ಥಾಂಪ್ಸನ್. ಸೈನ್ಯದಲ್ಲಿದ್ದು ಆಮೇಲೆ ಪಾರ್ಲಿಮೆಂಟಿಗೆ ಬಂದವನು, ತನ್ನ ಮತದಾರರಿಗೆ ಪತ್ರ ಬರೆಯುವ ಅಭ್ಯಾಸ ಇಟ್ಟುಕೊಂಡವನು. ಪದ ಹುಟ್ಟಿದ್ದು ಶೇಕ್ಸ್‌ಪಿಯರ್ ವಿಷಯದಲ್ಲಿ ಅಲ್ಲ ಅನ್ನೋದು ಸ್ವಾರಸ್ಯ. ಬೈಬಲ್ಲಿನ ವಿಷಯದಲ್ಲಿ. ಹೊಸ ಒಡಂಬಡಿಕೆಯಲ್ಲಿ ಬರುವ ಭಕ್ತರ ಹೆಸರುಗಳಲ್ಲಿ ಗ್ರೀಕ್ ದೇವದೇವತೆಯರು ಅಡಗಿದ್ದಾರೆ. ಎಪಾಫ್ರೊಡಿಟಸ್ ಅಂತ ಒಬ್ಬನಿದ್ದಾನೆ, ಅವನ ಹೆಸರಿನ ಒಳಗೆ ಪ್ರೇಮದೇವತೆ ಅಫ್ರೊಡೈಟಿ ಕೂತಿದ್ದಾಳೆ. ನಾರ್ಸಿಸಸ್ ಅಂತ ಇನ್ನೊಬ್ಬ. ನಮ್ಮ ಕಾಲದ ಅತಿ ಮಡಿವಂತರ ಕೈಗೆ ಸಿಕ್ಕಿದ್ದರೆ ಈ ಹೆಸರುಗಳನ್ನು ಅವರು ಬೌಡ್ಲರೈಸ್ ಮಾಡಿಬಿಡುತ್ತಿದ್ದರೇನೋ ಅಂತ ಥಾಂಪ್ಸನ್ ಕಿಚಾಯಿಸಿದ್ದ. ಅಂದರೆ ಪದ ಹುಟ್ಟಿದ ದಿನವೇ ಅದಕ್ಕೆ ವ್ಯಂಗ್ಯ ಅಂಟಿಕೊಂಡಿತ್ತು.

ಬೌಡ್ಲರ್ ಪರವಾಗಿ ಜೋರಾಗಿ ಮಾತಾಡಿದವನು ಯಾರು ಗೊತ್ತಾ? ಕವಿ ಸ್ವಿನ್‌ಬರ್ನ್. 1866ರಲ್ಲಿ ಈತನ ಕವನಗಳು ಅಶ್ಲೀಲ ಅಂತ ಗಲಾಟೆಯಾಗಿ ಪ್ರಕಾಶಕರೇ ಪುಸ್ತಕ ಹಿಂದಕ್ಕೆ ತಗೊಂಡಿದ್ದರು. ಅಂಥವನು 1894ರಲ್ಲಿ ಬರೆದ: ಬೌಡ್ಲರ್‌ನನ್ನು ಹೀಯಾಳಿಸುವುದು ಬರೀ ಒಣ ಬೂಟಾಟಿಕೆ, ಚುರುಕು ಬುದ್ಧಿಯ ಮಕ್ಕಳ ಕೈಗೆ ಶೇಕ್ಸ್‌ಪಿಯರ್‌ನನ್ನು ಇಟ್ಟವನಿಗಿಂತ ಹೆಚ್ಚಿನ ಸೇವೆಯನ್ನು ಶೇಕ್ಸ್‌ಪಿಯರ್‌ಗೆ ಇನ್ಯಾರೂ ಮಾಡಿಲ್ಲ. ನನಗೂ ಹೆಚ್ಚುಕಡಿಮೆ ಹಾಗೇ ಅನಿಸುತ್ತದೆ. ತಾತ ಎರಡು ಹಾಳೆ ಮಗುಚದಿದ್ದರೆ ಅತ್ತೆಯರು ಆ ಪಡಸಾಲೆಯಲ್ಲಿ ಕೂರುತ್ತಿರಲಿಲ್ಲ. ಲಕ್ಷ್ಮೀಶ ಅವರ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಥಾಮಸ್ ಕೊನೆಗಾಲದಲ್ಲಿ ಗಿಬ್ಬನ್ನನ ರೋಮ್ ಸಾಮ್ರಾಜ್ಯದ ಇತಿಹಾಸಕ್ಕೂ ಕತ್ತರಿ ಹಾಕಿದ್ದ. ಅದು ಅವನು ಸತ್ತ ಮೇಲೆ ಹೊರಬಂತು. ಗಿಬ್ಬನ್ ಕ್ರೈಸ್ತ ಧರ್ಮವನ್ನು ಚುಚ್ಚುವ ಜಾಗಗಳೆಲ್ಲ ಮಾಯ. ಇದಕ್ಕೆ ನಾನು ವಕಾಲತ್ತು ವಹಿಸುವುದಿಲ್ಲ. ಪೋಲಿ ಮಾತು ತೆಗೆಯುವುದು ಒಂದು, ಒಬ್ಬನ ಅಭಿಪ್ರಾಯ ತೆಗೆಯುವುದು ಇನ್ನೊಂದು.

ನಾನೂ ಈ ಕೆಲಸ ಮಾಡಿದ್ದೇನೆ. ಕಾಲೇಜಿನಲ್ಲಿ ರೋಮಿಯೋ ಜೂಲಿಯೆಟ್ ಪಾಠ ಮಾಡುವಾಗ ನಮ್ಮ ಕೈಲಿದ್ದದ್ದು ಸಂಕ್ಷಿಪ್ತ ಪಠ್ಯ. ಒಬ್ಬ ಹುಡುಗ ಲೈಬ್ರರಿಯಿಂದ ಪೂರ್ತಿ ನಾಟಕ ತಂದ. ಪುಟ ತೆರೆದಿಟ್ಟು, ಮುಗ್ಧವಾಗಿ, 'ಮೇಡಂ, ಈ ಸಾಲು ನಮ್ಮ ಪುಸ್ತಕದಲ್ಲಿ ಇಲ್ಲವಲ್ಲ, ಇದರ ಅರ್ಥ ಏನು' ಅಂದ. ಗಡಿಯಾರದ ಮುಳ್ಳಿನ ಸಾಲು ಅದು. ನಾನು 'ಅದು ಪರೀಕ್ಷೆಗೆ ಬರಲ್ಲಪ್ಪ, ಕೂತ್ಕೋ' ಅಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅವರಿಗೆಲ್ಲ ಅರ್ಥ ಗೊತ್ತಿತ್ತು.

ಈಗ ಕತ್ತರಿ ಯಂತ್ರದ ಕೈಗೆ ಹೋಗಿದೆ. ಯಂತ್ರಕ್ಕೆ ತಾತನ ಹಾಗೆ ಕಥೆ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಇಂಗ್ಲೆಂಡಿನಲ್ಲಿ ಸ್ಕನ್‌ಥೋರ್ಪ್ ಅಂತ ಒಂದು ಊರಿದೆ. ಆ ಹೆಸರಿನ ಇಂಗ್ಲಿಷ್ ಅಕ್ಷರಗಳ ನಡುವೆ ಒಂದು ಕೆಟ್ಟ ಪದ ಸಿಕ್ಕಿಹಾಕಿಕೊಂಡಿದೆ. 1996ರಲ್ಲಿ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯ ಜರಡಿ, ಆ ಊರಿನವರು ಖಾತೆ ತೆರೆಯಲು ಹೋದರೆ ಬಿಡಲಿಲ್ಲ. ಊರಿಗೆ ಊರೇ ಅಶ್ಲೀಲ ಆಗಿಹೋಯಿತು. 2008ರಲ್ಲಿ ಅಮೆರಿಕದ ಒಂದು ಧಾರ್ಮಿಕ ಸಂಘದ ಸುದ್ದಿತಾಣ 'ಗೇ' ಅನ್ನುವ ಪದ ಬಂದ ಕಡೆಯೆಲ್ಲ ತಾನೇ 'ಹೋಮೋಸೆಕ್ಷುಯಲ್' ಅಂತ ಬದಲಿಸುವ ಏರ್ಪಾಡು ಮಾಡಿಕೊಂಡಿತ್ತು. ಆ ವರ್ಷ ಟೈಸನ್ ಗೇ ಅನ್ನುವ ಓಟಗಾರ ಒಲಿಂಪಿಕ್ಸ್ ಆಯ್ಕೆಯ ಓಟದಲ್ಲಿ ಗೆದ್ದ. ಸುದ್ದಿಯಲ್ಲಿ ಗೆದ್ದವನ ಹೆಸರು ಟೈಸನ್ ಹೋಮೋಸೆಕ್ಷುಯಲ್. ಹ್ಯಾರಿಯೆಟ್ ಕಣ್ಣು ಮುಚ್ಚಿಕೊಂಡಾದರೂ ಸಂಗೀತ ಕೇಳುತ್ತಿದ್ದಳು. ಇದಕ್ಕೆ ಕಿವಿಯೂ ಇಲ್ಲ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದ ಯಾವುದು ಅಂದರು. 'ಮುಳ್ಳು ತೆಗೆ' ಅಂದೆ. ಅವರು ಒಪ್ಪಲಿಲ್ಲ. 'ಹಾಳೆ ಮಗುಚು ಅನ್ನಿ, ನಿಮ್ಮ ತಾತನ ಹೆಸರಾದರೂ ಉಳಿಯುತ್ತೆ' ಅಂದರು. ಅದೇ ಚೆನ್ನಾಗಿದೆ.

ಕೊನೆಯಲ್ಲಿ ಎಂಎ ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತಳು. 'ಮೇಡಂ, ಶುರು ಮಾಡಿದ್ದು ಹ್ಯಾರಿಯೆಟ್ ಅಲ್ವಾ? ಹಾಗಾದ್ರೆ ಈ ಕ್ರಿಯಾಪದವನ್ನ ಅವಳ ಹೆಸರಿಗೆ ಬದಲಾಯಿಸಬೇಕಲ್ವಾ?' ಅಂದಳು.

ನಾನು ಒಂದು ಕ್ಷಣ ಯೋಚಿಸಿದೆ. ಈ ಪದದಲ್ಲಿ ಥಾಮಸ್ ಎಲ್ಲಿದ್ದಾನೆ? ಡಾಕ್ಟರ್ ಎಲ್ಲಿದೆ? ಇರುವುದು ಬೌಡ್ಲರ್ ಅಷ್ಟೇ. ಅವಳು ಮದುವೆ ಆಗಲಿಲ್ಲ, ಹೆಸರು ಬದಲಾಗಲಿಲ್ಲ. ಹುಟ್ಟಿದಾಗಲೂ ಬೌಡ್ಲರ್, 1830ರಲ್ಲಿ ಹೋದಾಗಲೂ ಬೌಡ್ಲರ್. 'ಬದಲಾಯಿಸೋದೇನೂ ಬೇಡಮ್ಮ, ಅದು ಅವಳದೇ ಹೆಸರು' ಅಂದೆ.